ಮೊಬೈಲು ಮಕ್ಕಳ ಕೈಯಾಗ, ಎಚ್ಚರ ನಮ್ಮ ಕೈಯಾಗ

(ಸುರಪುರ ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಘದಾಗ ನಾವು ಉಳಿತಾಯದ ಬಗ್ಗೆ, ಸಾಲದ ಕಂತಿನ ಬಗ್ಗೆ ಮಾತಾಡ್ತೀವಿ. ಇವತ್ತು ಮನ್ಯಾಗಿನ ಮೊಬೈಲಿನ ಬಗ್ಗೆ ಮಾತಾಡೋಣ.

2020ರಲ್ಲಿ ಕೊರೊನಾ ಬಂದು ಸಾಲಿ ಮುಚ್ಚಿದಾಗ, ಪಾಠಕ್ಕಂತ ಮಕ್ಕಳ ಕೈಗೆ ಮೊಬೈಲು ಕೊಟ್ಟೆವು. ಸಾಲಿ ತೆರೆದವು, ಮೊಬೈಲು ಮಾತ್ರ ಅವರ ಕೈಯಾಗೇ ಉಳೀತು. ನಮ್ಮ ಕಡೆ ಇನ್ನೊಂದು ಕಾರಣವೂ ಅದ. ಸುರಪುರ, ಶಹಾಪುರ, ಯಾದಗಿರಿ ಕಡೆಯಿಂದ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಮಕ್ಕಳು ಊರಾಗ ಅಜ್ಜಿಯ ಹತ್ತಿರ ಇರತಾರ. ಅವ್ವನ ದನಿ ಕೇಳಬೇಕಂದ್ರ ಮೊಬೈಲು ಬೇಕೇ ಬೇಕು. ಹಂಗಾಗಿ "ಮೊಬೈಲೇ ಕೊಡಬ್ಯಾಡ್ರಿ" ಅಂತ ಹೇಳಿದ್ರ ಕೆಲಸ ಆಗೋದಿಲ್ಲ.

ನಾರಾಯಣಪುರ ಎಡದಂಡೆ ಕಾಲುವೆ ನೆನಸಿಕೊಳ್ರಿ. ಅದರ ನೀರಿನಿಂದ ಹೊಲ ಹಸಿರಾಯಿತು. ಅದೇ ನೀರಿನಾಗ ಮಕ್ಕಳು ಬಿದ್ದಾರು ಅನ್ನೋ ಭಯವೂ ಬಂತು. ಕಾಲುವೆ ಮುಚ್ಚಿರಿ ಅಂತ ನಾವು ಕೇಳಲಿಲ್ಲ. "ಒಬ್ಬರೇ ಹೋಗಬ್ಯಾಡ್ರಿ, ದಂಡಿ ಜಾರತದ" ಅಂತ ಮಕ್ಕಳಿಗೆ ಕಲಿಸಿದೆವು. ಮೊಬೈಲಿಗೂ ಹಂಗೇ ಕಲಿಸಬೇಕು.

ಅಪಾಯ ಹೇಂಗ ಬರತದ?

ಮೊದಲನೆಯದು, ಗೆಳೆತನದ ವೇಷದಾಗ ಬರತದ. ಇನ್‌ಸ್ಟಾಗ್ರಾಮ್‌ನಾಗೋ, ಆಟದ ಆಪ್‌ನಾಗೋ ಗುರುತಿಲ್ಲದವರು ಮಾತು ಶುರು ಮಾಡತಾರ. ಫೋಟೋ ಹುಡುಗಿಯದು ಇರಬಹುದು, ಹಿಂದೆ ಇರೋನು ನಲವತ್ತರ ಗಂಡಸು ಇರಬಹುದು. ಕೆಲವು ಸಲ ಪರಿಚಯದವರೇ ಇರತಾರ. ಮೊದಲು ಹೊಗಳತಾರ, ರಿಚಾರ್ಜ್ ಮಾಡಿಸತಾರ. ಆಮೇಲೆ "ನಿಮ್ಮ ಅವ್ವಗ ಹೇಳಬ್ಯಾಡ" ಅಂತಾರ. ಈ ಮಾತು ಬಂತಂದ್ರ ಅಲ್ಲೇ ಅಪಾಯ ಅದ ಅಂತ ತಿಳೀಬೇಕು. ಮುಂದೆ ಫೋಟೋ ಕೇಳತಾರ. ಫೋಟೋ ಸಿಕ್ಕ ಮ್ಯಾಲೆ "ರೊಕ್ಕ ಕೊಡು, ಇಲ್ಲಾಂದ್ರ ಊರಿಗೆಲ್ಲ ಕಳಿಸ್ತೀನಿ" ಅಂತ ಹೆದರಸತಾರ. ಈಗ ಕಂಪ್ಯೂಟರಿನಿಂದ ಸಾದಾ ಮುಖದ ಫೋಟೋಕ್ಕೂ ಬೇರೆ ಮೈ ಜೋಡಿಸಿ ಸುಳ್ಳು ಚಿತ್ರ ಮಾಡತಾರ. ಗಂಡು ಹುಡುಗರೂ ಇದರಾಗ ಸಿಕ್ಕಿಬೀಳತಾರ.

ಎರಡನೆಯದು, ರೊಕ್ಕದ ಅಪಾಯ. ಸಂಘದ ರೊಕ್ಕ ಬರೋ ಬ್ಯಾಂಕ್ ಖಾತೆಯೇ ಫೋನ್‌ಪೇಗೂ ಜೋಡಿಸಿರತದ. ಮಗನಿಗೆ ಪಿನ್ ಗೊತ್ತಿದ್ದರ ಆಟದಾಗ ಒಂದು ರಾತ್ರಿಗೆ ಖಾತೆ ಖಾಲಿ ಆಗಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿದೆ. ಕಾಯ್ದೆ ಬಂತಂತ ನಾವು ಸುಮ್ಮನಿರೋ ಹಂಗಿಲ್ಲ. ಪಿನ್ ನಮ್ಮ ಹತ್ತಿರವೇ ಇರಬೇಕು.

ಮೂರನೆಯದು, ಸುಳ್ಳು ಸುದ್ದಿ. ಇದರಾಗ ದೊಡ್ಡವರೇ ಮುಂದೆ ಇರತೀವಿ. 2018ರ ಜುಲೈ 13ರಂದು ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯೊಳಗ ಏನಾಯಿತು ನೋಡ್ರಿ. ಹೈದರಾಬಾದ್ ಕಡೆಯಿಂದ ಬಂದಿದ್ದ ಗೆಳೆಯರು ಸಾಲಿ ಮಕ್ಕಳಿಗೆ ಚಾಕ್ಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಾರಂತ ವಾಟ್ಸಾಪ್‌ನಾಗ ಸುದ್ದಿ ಹರಡಿತು. ಮುರ್ಕಿ ಊರಿನಾಗ ಅವರ ಕಾರು ತಡೆದು ಜನ ಹೊಡೆದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ, ಉಳಿದವರಿಗೆ ಗಾಯವಾಯಿತು. ಪೊಲೀಸರು ಹಲವರನ್ನು ಹಿಡಿದರು, ಅವರಾಗ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದ. ಮಕ್ಕಳ ಮ್ಯಾಲಿನ ಪ್ರೀತಿಯಿಂದಲೇ ಕಳಿಸಿದ್ದರೂ ಸುಳ್ಳು ಮೆಸೇಜು ಒಂದು ಜೀವ ತೆಗೀತು. ಗಾಬರಿ ಹುಟ್ಟಿಸೋ ಮೆಸೇಜು ಬಂದರ ಮುಂದೆ ಕಳಿಸಬ್ಯಾಡ್ರಿ. ಮೊದಲು ಠಾಣೆಗೆ ಫೋನ್ ಮಾಡಿ ಕೇಳ್ರಿ.

ಮನ್ಯಾಗ ಏನು ಮಾಡಬೇಕು?

"ನಮಗ ಓದಾಕ ಬರೋದಿಲ್ಲ, ಮೊಬೈಲು ಹೇಂಗ ನೋಡೋದು?" ಅಂತ ಕೆಲವು ತಾಯಂದಿರು ಕೇಳತಾರ. ಮಗುವಿನ ಮುಖ ಓದಾಕ ಅಕ್ಷರ ಬೇಕಿಲ್ಲ. ಮಗು ಊಟ ಬಿಟ್ಟಿತಾ, ರಾತ್ರಿ ನಿದ್ದಿ ಮಾಡ್ತದಾ, ಮೆಸೇಜಿನ ಸಪ್ಪಳಕ್ಕ ಬೆಚ್ಚಿ ಬೀಳತದಾ, ಸಾಲಿಗೆ ಒಲ್ಲೆ ಅಂತದಾ, ನಾವು ಹತ್ತಿರ ಹೋದರ ಮೊಬೈಲು ಮುಚ್ಚಿಡತದಾ, ಇವನ್ನ ಗಮನಿಸ್ರಿ. ಇದರ ಜೊತೆ ಈ ನಿಯಮಗಳನ್ನು ಇಟ್ಟುಕೊಳ್ರಿ:

1. ಮೊಬೈಲು ನೋಡೋದು ಪಡಸಾಲ್ಯಾಗ, ಎಲ್ಲರ ಮುಂದ. ರಾತ್ರಿ ಮಲಗುವಾಗ ಮೊಬೈಲು ದೊಡ್ಡವರ ಹತ್ತಿರ ಇರಲಿ.

2. ವಾಟ್ಸಾಪ್, ಇನ್‌ಸ್ಟಾಗ್ರಾಮ್‌ಗೆ ಕನಿಷ್ಠ 13 ವರ್ಷ ಅಂತ ಆ ಕಂಪನಿಗಳೇ ನಿಯಮ ಮಾಡಿವೆ. ಅದಕ್ಕಿಂತ ಸಣ್ಣವರಿಗೆ ಖಾತೆ ತೆರೆದು ಕೊಡಬ್ಯಾಡ್ರಿ.

3. ಹೆಸರು, ಊರು, ಸಾಲಿ, ಫೋಟೋ, ಓಟಿಪಿ ಯಾವುದನ್ನೂ ಗುರುತಿಲ್ಲದವರಿಗೆ ಕೊಡಬಾರದಂತ ಕಲಿಸ್ರಿ.

4. ದಿನಾ ಸ್ವಲ್ಪ ಹೊತ್ತು ಮಕ್ಕಳ ಜೋಡಿ ಕುಂತು "ಇವತ್ತು ಏನು ನೋಡಿದಿ?" ಅಂತ ಕೇಳ್ರಿ. ಗುಳೆ ಹೋದವರು ಫೋನಿನಾಗಾದರೂ ಕೇಳ್ರಿ. ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡಬ್ಯಾಡ್ರಿ.

ತೊಂದರೆ ಆಗೇಬಿಟ್ಟರ?

ಅಕ್ಕಂದಿರೆ, ಈ ಮಾತು ಗಟ್ಟಿಯಾಗಿ ಕೇಳ್ರಿ. ಮಗು ಬಂದು ಹೇಳಿದಾಗ ಮೊದಲು ಬಯ್ಯಬ್ಯಾಡ್ರಿ, ಹೊಡೀಬ್ಯಾಡ್ರಿ. "ಹೇಳಿದ್ದು ಚಲೋ ಮಾಡಿದಿ, ತಪ್ಪು ನಿಂದಲ್ಲ" ಅನ್ರಿ. ಹೆದರಸೋನಿಗೆ ಒಂದು ರೂಪಾಯಿ ಕೊಡಬ್ಯಾಡ್ರಿ. ಕೊಟ್ಟರ ಮತ್ತೆ ಕೇಳತಾನ. ಮೆಸೇಜು, ನಂಬರು ಅಳಿಸಬ್ಯಾಡ್ರಿ, ಅವೇ ಸಾಕ್ಷಿ. ಮಗುವಿನ ಚಿತ್ರವನ್ನು ಸಹಾಯ ಕೇಳಾಕಂತಲೂ ಯಾರಿಗೂ ಕಳಿಸಬ್ಯಾಡ್ರಿ. ಮಕ್ಕಳ ಅಶ್ಲೀಲ ಚಿತ್ರ ಕಳಿಸೋದು ಮಾತ್ರ ಅಲ್ಲ, ಮೊಬೈಲಿನಾಗ ಇಟ್ಟುಕೊಂಡು ನೋಡೋದೂ ಅಪರಾಧವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ತೀರ್ಪು ಕೊಟ್ಟಿದೆ.

ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೀಳೋದಿಲ್ಲ. ಖಾತೆಯಿಂದ ರೊಕ್ಕ ಹೋಗಿದ್ದರ ತಡ ಮಾಡದೆ 1930ಕ್ಕೆ ಮಾಡ್ರಿ. ಎಷ್ಟು ಲಗೂ ಹೇಳಿದರ ಅಷ್ಟು ಚಲೋ, ಬ್ಯಾಂಕಿನಾಗ ರೊಕ್ಕ ತಡೆಹಿಡಿಯಾಕ ಆಗತದ. ತಕ್ಷಣದ ಅಪಾಯಕ್ಕ 112. ದೂರು ಹತ್ತಿರದ ಠಾಣೆಯಲ್ಲೇ ಕೊಡಬಹುದು.

2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಹುಡುಗ ಹುಡುಗಿ ಇಬ್ಬರಿಗೂ ರಕ್ಷಣೆ ಕೊಡುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ ಪಡೆಯಬಹುದು, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ಪಡೆಯಬೇಕು, ಪೊಲೀಸರು ಆಗ ಸಮವಸ್ತ್ರದಲ್ಲಿ ಇರಬಾರದು. ಮಗುವಿನ ಹೆಸರು, ಗುರುತನ್ನು ಪತ್ರಿಕೆ, ಟೀವಿಯಲ್ಲಿ ಬಹಿರಂಗ ಮಾಡುವಂತಿಲ್ಲ. ಮರ್ಯಾದೆ ಹೋಗತದಂತ ಹೆದರಬ್ಯಾಡ್ರಿ.

ಕೊನೆಗೆ ಒಂದು ಮಾತು. ಹುಡುಗಿಗೆ ಇಂಥ ತೊಂದರೆ ಬಂದಾಗ ಕೆಲವು ಮನಿಗಳಲ್ಲಿ ಸಾಲಿ ಬಿಡಿಸಿ, ಹದಿನೈದು ಹದಿನಾರಕ್ಕೇ ಮದುವಿ ಮಾಡಿ ಕಳಿಸತಾರ. ತಪ್ಪು ಮಾಡಿದವನು ಹೊರಗ ಆರಾಮ ತಿರುಗತಾನ, ಶಿಕ್ಷೆ ಹುಡುಗಿಗೆ ಆಗತದ. ಇದನ್ನು ನೋಡಿದ ಬೇರೆ ಹುಡುಗಿಯರು ಏನೇ ಆದರೂ ಅವ್ವನ ಮುಂದ ಬಾಯಿ ಬಿಡೋದಿಲ್ಲ. ಹೆದರಸೋನಿಗೆ ಬೇಕಾದದ್ದೂ ಅದೇ. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ, ಅದು ಮೊದಲಿನಿಂದಲೇ ಅಸಿಂಧು. ಮದುವಿ ಇದಕ್ಕೆ ಪರಿಹಾರ ಅಲ್ಲ. ಹುಡುಗಿ ಮರುದಿನವೂ ಸಾಲಿಗೆ ಹೋಗಬೇಕು.

ಈ ವಾರದ ಸಭೆಯಲ್ಲಿ ಮೂರು ಕೆಲಸ ಮಾಡೋಣ. 1098, 1930, 112 ಈ ಮೂರು ನಂಬರನ್ನು ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಾಗ ಮತ್ತು ಮನಿ ಗ್ವಾಡಿ ಮ್ಯಾಲೆ ಬರೆಯೋಣ. ಅವ್ವ ಅಪ್ಪ ಗುಳೆ ಹೋದ ಮನಿ ಮಕ್ಕಳನ್ನು ವಾರಕ್ಕೊಮ್ಮೆ ಮಾತಾಡಿಸಲು ಒಬ್ಬೊಬ್ಬ ಸದಸ್ಯೆ ಒಂದೊಂದು ಮನಿ ವಹಿಸಿಕೊಳ್ಳೋಣ. ಇವತ್ತು ಮನಿಗೆ ಹೋದ ಕೂಡಲೇ ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು "ಏನಾದರೂ ನನ್ನ ಮುಂದ ಹೇಳು, ನಾ ನಿನ್ನ ಜೋಡಿ ಅದೀನಿ" ಅಂತ ಹೇಳೋಣ.