ಬಿಸಿಲೂ ಗಾಳಿಯೂ ಒಂದೇ ನೊಗಕ್ಕೆ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಗದಗ ಸೀಮೆ ಇದು. ಇಲ್ಲಿ ನಿಂತು ಸಹಕಾರದ ಬಗ್ಗೆ ನಾವು ಹೊಸದಾಗಿ ಹೇಳುವುದೇನಿದೆ? ಅದಕ್ಕೇ ಅಧ್ಯಕ್ಷರು ನಮಗೆ ಬೇರೆ ವಿಷಯ ಕೊಟ್ಟಿದ್ದಾರೆ. ಡೇರಿ ಕಟ್ಟಡದ ಮೇಲೆ ಸೋಲಾರ್ ಫಲಕ, ಪಕ್ಕದಲ್ಲೊಂದು ಸಣ್ಣ ಗಾಳಿಯಂತ್ರ, ಎರಡನ್ನೂ ಒಂದೇ ಬ್ಯಾಟರಿಗೆ ಜೋಡಿಸುವುದು, ಇಂಥದೊಂದು ಠರಾವು ಮಹಾಸಭೆಯ ಮುಂದೆ ಬರಲಿದೆಯಂತೆ. ಮಾಡಬಹುದೋ ಬಾರದೋ ಬಿಚ್ಚಿ ಹೇಳಿ ಎಂದಿದ್ದಾರೆ. ಬಿಚ್ಚಿಯೇ ಹೇಳುತ್ತೇವೆ.

ಕಷ್ಟ ಏನೆಂಬುದು ನಿಮಗೇ ಗೊತ್ತು. ಮಳೆಗಾಲದ ಸಂಜೆ, ಕ್ಯಾನು ಹಿಡಿದು ಸಾಲು ನಿಂತಿದೆ, ಆಗಲೇ ಕರೆಂಟು ಹೋಗುತ್ತದೆ. ಹಾಲು ತೂಗುವ ಯಂತ್ರ, ಫ್ಯಾಟ್ ನೋಡುವ ಯಂತ್ರ, ಕಂಪ್ಯೂಟರ್ ಮೂರೂ ಸುಮ್ಮನಾಗುತ್ತವೆ. ಕಾಯಬೇಕು, ಇಲ್ಲವೇ ನಿನ್ನೆಯ ಫ್ಯಾಟನ್ನೇ ಬರೆದುಕೊಳ್ಳಬೇಕು. ನಿನ್ನೆಯದು ಬರೆದರೆ ಎಮ್ಮೆ ಕಟ್ಟಿದವರು ಸುಮ್ಮನಿರುತ್ತಾರೆಯೇ? 'ನಮ್ಮ ಹಾಲಿಗೆ ನೀರು ಹಾಕೇವೇನ್ರೀ' ಅಂತ ಕಾರ್ಯದರ್ಶಿಗಳ ಮೇಲೆ ಏರಿ ಹೋಗುತ್ತಾರೆ. ತಪ್ಪು ಅವರದೂ ಅಲ್ಲ, ಇವರದೂ ಅಲ್ಲ.

ಬಿಸಿಲು ಗಾಳಿ ಎರಡನ್ನೂ ಕೂಡಿಸಿ ದುಡಿಸುವುದು ರೈತನಿಗೆ ಹೊಸದಲ್ಲ. ಕಣದಲ್ಲಿ ಕಾಳು ಒಣಗಿಸಲು ಬಿಸಿಲು ಬೇಕು, ಹೊಟ್ಟು ಹಾರಿಸಲು ಗಾಳಿ ಬೇಕು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹುಟ್ಟಿದ್ದೇ ಕಣದಲ್ಲಿ. ಕರೆಂಟಿನ ವಿಷಯದಲ್ಲೂ ನಮ್ಮ ನಾಡಿನ ಹವೆ ಹೀಗೇ ಪಾಲು ಹಂಚಿಕೊಂಡಿದೆ. ಫೆಬ್ರವರಿಯಿಂದ ಮೇ ತನಕ ಬಿಸಿಲಿನ ಕಾರುಬಾರು. ಮುಂಗಾರು ಹೊಕ್ಕಿತೆಂದರೆ ಮೋಡ ಕವಿದು ಫಲಕದ ದುಡಿಮೆ ಇಳಿಯುತ್ತದೆ. ಅದೇ ಹೊತ್ತಿಗೆ ಆಷಾಢದ ಗಾಳಿ ಶುರು. ಪಶ್ಚಿಮ ಘಟ್ಟ ದಾಟಿ ಬರುವ ನೈರುತ್ಯದ ಗಾಳಿಯೇ ನಮ್ಮ ಬಯಲುಸೀಮೆಯ ಗಾಳಿಯಂತ್ರಗಳಿಗೆ ಸುಗ್ಗಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಅವು ದುಡಿದಷ್ಟು ಉಳಿದ ತಿಂಗಳಲ್ಲಿ ದುಡಿಯುವುದಿಲ್ಲ. ಮೇಲಾಗಿ ಆ ಗಾಳಿ ಹೊತ್ತು ಮುಳುಗಿದ ಕೂಡಲೇ ನಿಲ್ಲುವಂಥದ್ದಲ್ಲ. ಫಲಕ ಮಲಗಿದ ಮೇಲೂ ರೆಕ್ಕೆ ತಿರುಗುತ್ತದೆ.

ಹಾಗಂತ ವರ್ಷವಿಡೀ ಒಂದಲ್ಲ ಒಂದು ಇದ್ದೇ ಇರುತ್ತದೆ ಎಂದು ತಿಳಿಯಬೇಡಿ. ಮುಂಗಾರು ಹಿಂದೆ ಸರಿದ ಅಕ್ಟೋಬರಿನಲ್ಲಿ ಗಾಳಿ ಬಿದ್ದುಹೋಗಿ, ಮೇಲೆ ಮೋಡವೂ ಕಟ್ಟಿದ ದಿನ ಎರಡೂ ಕೈ ಕೊಡುತ್ತವೆ. ಅದಕ್ಕೇ ಬ್ಯಾಟರಿ ಬೇಕು, ಊರಿನ ಲೈನೂ ಇರಬೇಕು.

ದೊಡ್ಡ ಕಂಪನಿಗಳಿಗೆ ಈ ಜೋಡಿಯ ಲಾಭ ಬೇಗ ಹೊಳೆಯಿತು. ರಾಯಚೂರು ಜಿಲ್ಲೆಯ ಕವಿತಾಳದ ಬಳಿ 50 ಮೆಗಾವಾಟ್ ಗಾಳಿಯಂತ್ರಗಳಿದ್ದ ಜಾಗದಲ್ಲೇ 2018ರಲ್ಲಿ 28.8 ಮೆಗಾವಾಟ್ ಸೋಲಾರ್ ಸೇರಿಸಿದರು. ಗಾಳಿಗಾಗಿ ಎಳೆದ ಲೈನು ವರ್ಷದ ಬಹುಕಾಲ ಅರ್ಧ ಖಾಲಿ ಇರುತ್ತದೆ. ಅದರಲ್ಲೇ ಬಿಸಿಲಿನ ಕರೆಂಟೂ ಹರಿದರೆ ಬೇರೆ ಲೈನಿನ ಖರ್ಚಿಲ್ಲ. ಅದೇ 2018ರಲ್ಲಿ ಕೇಂದ್ರ ಸರ್ಕಾರ ಇದಕ್ಕೊಂದು ನೀತಿಯನ್ನೂ ತಂದಿತು. ಎರಡರಲ್ಲಿ ಒಂದರ ಸಾಮರ್ಥ್ಯ ಇನ್ನೊಂದರ ನಾಲ್ಕನೇ ಒಂದು ಭಾಗವಾದರೂ ಇರಬೇಕು, ಆಗಲೇ ಅದು ಜೋಡಿ ಘಟಕ ಎಂದು ನಿಯಮ. ಹೆಸರಿಗೆ ನಾಲ್ಕು ಫಲಕ ನಿಲ್ಲಿಸಿದರೆ ನಡೆಯದು.

ಅವರಿಗೆ ಒಗ್ಗಿದ್ದು ನಮಗೂ ಒಗ್ಗುತ್ತದೆಯೇ? ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರೊಳಗಿನ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ವೇಗ ಅರ್ಧವಾದರೆ ಎಂಟನೇ ಒಂದು ಪಾಲು ಮಾತ್ರ ಉಳಿಯುತ್ತದೆ. ಕಪ್ಪತಗುಡ್ಡದ ಸಾಲಿನ ಮೇಲೆ ತಿರುಗುವ ಫ್ಯಾನುಗಳನ್ನು ನೋಡಿ 'ನಮ್ಮ ಊರಾಗೂ ಗಾಳಿ ಭಾಳ ಐತ್ರೀ' ಎಂದರೆ ಆಗಲಿಲ್ಲ. ಅವು ಗುಡ್ಡದ ನೆತ್ತಿಯ ಮೇಲೆ, ಎತ್ತರದ ಕಂಬದ ತುದಿಯಲ್ಲಿವೆ. ನಮ್ಮದು ಮಾಳಿಗೆ.

ಡೇರಿಯ ತೂಕದ ಯಂತ್ರ, ಫ್ಯಾಟ್ ಯಂತ್ರ, ಕಂಪ್ಯೂಟರ್, ಲೈಟು, ಫ್ಯಾನು ಎಲ್ಲ ಸೇರಿ ಎರಡು ಹೊತ್ತಿಗೆ ದಿನಕ್ಕೆ ಮೂರು ಯೂನಿಟ್ ಹಿಡಿಯೋಣ. (ಹಾಲು ತಂಪು ಮಾಡುವ ಯಂತ್ರವನ್ನು ಇದರಲ್ಲಿ ಸೇರಿಸಿಲ್ಲ. ಅದರ ಮೋಟಾರು ದೊಡ್ಡದು, ಅದಕ್ಕೆ ಜನರೇಟರೇ ಇರಲಿ.) ಒಂದು ಕಿಲೋವಾಟ್ ಫಲಕ ಒಳ್ಳೆಯ ಬಿಸಿಲಿನಲ್ಲಿ ನಾಲ್ಕು ಯೂನಿಟ್ ಕೊಡುತ್ತದೆ, ದಟ್ಟ ಮೋಡದ ದಿನ ಒಂದೂವರೆಗೆ ಇಳಿಯಬಹುದು. ಉಳಿದ ಒಂದೂವರೆಯನ್ನು ಗಾಳಿ ತುಂಬಬೇಕು. ಎರಡು ಮೀಟರ್ ಅಡ್ಡಳತೆಯ ರೆಕ್ಕೆಯ ಯಂತ್ರಕ್ಕೆ ಸೆಕೆಂಡಿಗೆ 6 ಮೀಟರ್ ಗಾಳಿ ಹನ್ನೆರಡು ತಾಸು ಸಿಕ್ಕರೆ ಸರಿಸುಮಾರು ಅಷ್ಟೇ ಬರುತ್ತದೆ. ಲೆಕ್ಕ ಕೂಡಿತು! ಆದರೆ ಗಾಳಿ 6ರ ಬದಲು 4 ಮೀಟರ್ ಆದರೆ? ಅರ್ಧ ಯೂನಿಟ್ಟೂ ಬಾರದು. ಆಗ ಆ ದುಡ್ಡಿಗೆ ಇನ್ನೊಂದು ಕಿಲೋವಾಟ್ ಫಲಕ ಹಾಕಿದ್ದರೆ ಮೋಡದಲ್ಲೂ ಹೆಚ್ಚು ಬರುತ್ತಿತ್ತು. ಫಲಕದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿದುಬಂದಿದೆ, ಸಣ್ಣ ಗಾಳಿಯಂತ್ರದ್ದು ಹಾಗೆ ಇಳಿದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ, ನಾವು ಕೈ ಸುಟ್ಟುಕೊಂಡವರು. ಒಂದು ಕಡೆ ಮಾಳಿಗೆಯ ಮೇಲೆ ಇಂಥದೇ ಯಂತ್ರ ನಿಲ್ಲಿಸಿದೆವು. ಪಡುವಣ ಬದಿಗೆ ದೊಡ್ಡ ಬೇವಿನ ಮರ. ಗಾಳಿ ಅಲ್ಲಿಂದಲೇ ಬರುತ್ತದೆ ಎಂಬುದು ಗೊತ್ತಿದ್ದೂ ಮರ ಅಡ್ಡ ಬಂದೀತೆಂದು ನಮಗೆ ಹೊಳೆಯಲಿಲ್ಲ. ರೆಕ್ಕೆ ತಿರುಗುತ್ತಿತ್ತು ನಿಜ, ನೋಡಲು ಚೆಂದವೂ ಇತ್ತು. ಆದರೆ ಸುಳಿಗಾಳಿಗೆ ಸಿಕ್ಕು ಅತ್ತ ಇತ್ತ ಮುಖ ತಿರುವುದರಲ್ಲೇ ಅದರ ಹೊತ್ತು ಹೋಯಿತು. ಬ್ಯಾಟರಿ ತುಂಬಲಿಲ್ಲ, ಕಂಬದ ನಡುಕಕ್ಕೆ ಮಾಳಿಗೆ ಬಿರುಕು ಬಿಟ್ಟು ಸೋರಿತು. ಕಡೆಗೆ ಇಳಿಸಿದೆವು. ಸುತ್ತಲಿನ 300 ಅಡಿಯೊಳಗೆ ಇರುವ ಮರ, ಮನೆಗಿಂತ ರೆಕ್ಕೆ ಕನಿಷ್ಠ 30 ಅಡಿ ಮೇಲಿರಬೇಕು ಎಂಬ ಹಳೆಯ ಲೆಕ್ಕ ಇದೆ. ಅದನ್ನು ಆಮೇಲೆ ಕಲಿತೆವು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಫಲಕ ಮತ್ತು ಬ್ಯಾಟರಿಗೆ ಈ ವರ್ಷವೇ ಠರಾವು ಮಾಡಿ, ಅದರಲ್ಲಿ ಅನುಮಾನ ಬೇಡ. ಗಾಳಿಯಂತ್ರದ ದುಡ್ಡನ್ನು ಒಂದು ವರ್ಷ ತಡೆಯಿರಿ. ಆದರೆ ಚಾರ್ಜ್ ಕಂಟ್ರೋಲರ್ ಕೊಳ್ಳುವಾಗ ಮುಂದೆ ಗಾಳಿಯನ್ನೂ ಜೋಡಿಸಲು ಬರುವಂಥದ್ದನ್ನೇ ಕೇಳಿ. ಯಾಕೆಂದರೆ ಇವೆರಡರ ಸ್ವಭಾವ ಬೇರೆ. ಬ್ಯಾಟರಿ ತುಂಬಿತೆಂದು ಫಲಕದ ತಂತಿ ಬಿಚ್ಚಿದರೆ ಅದು ತೆಪ್ಪಗೆ ಬಿಸಿಲಲ್ಲಿ ಕೂತಿರುತ್ತದೆ. ಗಾಳಿಯಂತ್ರ ಹಾಗಲ್ಲ. ಭಾರ ಎಳೆಯುತ್ತಿದ್ದ ಎತ್ತಿನ ಮಿಣಿ ಹರಿದರೆ ಹೇಗೆ ಓಡುತ್ತದೋ ಹಾಗೆ ಮಿತಿಮೀರಿ ತಿರುಗಿ ರೆಕ್ಕೆ ಮುರಿದುಕೊಳ್ಳುತ್ತದೆ. ಹೆಚ್ಚಾದ ಕರೆಂಟನ್ನು ಒಂದು ಕಾಯಿಲಿಗೆ ಹರಿಸಿ ಬಿಸಿಮಾಡಿ ಕಳೆಯುವ ಏರ್ಪಾಟು ಇದ್ದೇ ಇರಬೇಕು, ಜೊತೆಗೆ ಬ್ರೇಕೂ ಬೇಕು. ಅಷ್ಟೆತ್ತರದ ಕಂಬಕ್ಕೆ ಸಿಡಿಲಿನ ಭಯವಿದೆ, ಅರ್ತಿಂಗನ್ನು ಅಗ್ಗದಲ್ಲಿ ಮುಗಿಸಬೇಡಿ. ಕಂಬ ಫಲಕಗಳ ಉತ್ತರಕ್ಕಿರಲಿ. ವರ್ಷದ ಬಹುಪಾಲು ನೆರಳು ಉತ್ತರಕ್ಕೇ ಬೀಳುತ್ತದೆ. ಬ್ಯಾಟರಿ ನೀರಿನದಾದರೆ ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಯಾರು ನೋಡಬೇಕೆಂದು ಈಗಲೇ ಹೆಸರು ಬರೆದಿಡಿ. ಎಲ್ಲರ ಕೆಲಸ ಎಂದರೆ ಯಾರೂ ನೋಡುವುದಿಲ್ಲ.

ಇನ್ನು ಗಾಳಿ ಅಳೆಯುವುದು. ಬಟ್ಟಲು ತಿರುಗುವ ಮಾಪಕ ದುಬಾರಿಯದಲ್ಲ. ಡೇರಿಯ ಹಿಂದಿನ ಬಯಲಿನಲ್ಲಿ, ಮರಗಳಿಂದ ದೂರ, ಯಂತ್ರ ನಿಲ್ಲಿಸಬೇಕಾದ ಎತ್ತರದಲ್ಲೇ ಅದನ್ನು ಕಟ್ಟಬೇಕು. ಬೆಳಿಗ್ಗೆ ಹಾಲು ಅಳೆಯುವಾಗ ಒಮ್ಮೆ, ಸಂಜೆ ಒಮ್ಮೆ ಅದರ ಅಂಕಿಯನ್ನು ಬೇರೊಂದು ಪಟ್ಟಿಯಲ್ಲಿ ಬರೆಯಲಿ. ಇಪ್ಪತ್ತೈದು ವರ್ಷ ಪ್ರತಿ ಲೀಟರಿನ ಲೆಕ್ಕ ಇಟ್ಟ ಸಂಘಕ್ಕೆ ಇದು ಭಾರವಲ್ಲ. ಮುಖ್ಯವಾಗಿ ಮೃಗಶಿರದಿಂದ ಮಘಾ ಮಳೆಯ ತನಕ ಒಂದು ದಿನವೂ ತಪ್ಪಬಾರದು. ಆ ತಿಂಗಳುಗಳ ಸರಾಸರಿ 6 ಮೀಟರ್ ದಾಟಿದರೆ ಗಾಳಿಯಂತ್ರಕ್ಕೆ ಮುಂದಿನ ಮಹಾಸಭೆಯಲ್ಲಿ ಕೈ ಎತ್ತಿರಿ. 4ರಲ್ಲೇ ನಿಂತರೆ ಇನ್ನೆರಡು ಫಲಕ ತನ್ನಿ. ಕಂಬವನ್ನು ಮಾತ್ರ ಮುಂಗಾರು ಹೊಗುವ ಮೊದಲೇ ನೆಡಬೇಕು. ಕರೆದರೆ ಅದನ್ನು ನಿಲ್ಲಿಸುವ ದಿನ ನಾವೂ ಬಂದು ಕೈ ಹಾಕುತ್ತೇವೆ.