ಶಾಲೆಯ ವಿದ್ಯುತ್ ಪಾಠ ಮತ್ತು ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವಿದ್ಯುತ್ತು ಮತ್ತು ಕಾಂತದ ಪಾಠ ಶಿಕ್ಷಕರಿಗೆ ಬಿಟ್ಟದ್ದು, ಅದರಲ್ಲಿ ಪಂಚಾಯಿತಿಗೇನು ಕೆಲಸ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಸಂವಿಧಾನದ 11ನೇ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ಗ್ರಾಮೀಣ ವಿದ್ಯುದೀಕರಣವೂ ಪ್ರಾಥಮಿಕ ಶಿಕ್ಷಣವೂ ಆ ಪಟ್ಟಿಯಲ್ಲಿವೆ. ಇವೆರಡೂ ಕೂಡುವ ಸ್ಥಳವೇ ನಮ್ಮೂರಿನ ಸರ್ಕಾರಿ ಶಾಲೆ.

ಮಗು ಮೊದಲು ಕಲಿಯಬೇಕಾದುದು ವಿದ್ಯುತ್ ಮಂಡಲವನ್ನು. ಒಂದು ಟಾರ್ಚ್ ಸೆಲ್ಲು, ಒಂದು ಚಿಕ್ಕ ಬಲ್ಬು, ಎರಡು ತುಂಡು ತಂತಿ ಇದ್ದರೆ ಸಾಕು. ಸೆಲ್ಲಿನ ಒಂದು ತುದಿಯಿಂದ ಹೊರಟ ದಾರಿ ಬಲ್ಬಿನ ಮೂಲಕ ಸಾಗಿ ಇನ್ನೊಂದು ತುದಿಗೆ ಮರಳಿದಾಗ ಮಾತ್ರ ಬಲ್ಬು ಬೆಳಗುತ್ತದೆ. ದಾರಿ ಎಲ್ಲಿಯಾದರೂ ಕಡಿದರೆ ಬೆಳಕಿಲ್ಲ. ಆ ಕಡಿದ ಜಾಗದಲ್ಲಿ ಮೊಳೆ, ನಾಣ್ಯ, ಕಡ್ಡಿ, ರಬ್ಬರುಗಳನ್ನು ಒಂದೊಂದಾಗಿ ಇಟ್ಟು ನೋಡಿದ ಮಗುವಿಗೆ ವಾಹಕ ಯಾವುದು, ಅವಾಹಕ ಯಾವುದು ಎಂಬುದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಎರಡನೆಯದು ವಿದ್ಯುತ್ಕಾಂತ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ವಿಜ್ಞಾನಿಯು, ತಂತಿಯಲ್ಲಿ ವಿದ್ಯುತ್ತು ಹರಿದಾಗ ಸಮೀಪದ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡರು. ಇದನ್ನು ನಮ್ಮ ಮಕ್ಕಳೂ ಮಾಡಿ ನೋಡಬಹುದು. ಕಬ್ಬಿಣದ ಮೊಳೆಗೆ ಲೇಪನವಿರುವ ತಾಮ್ರದ ತಂತಿಯನ್ನು ಒತ್ತಾಗಿ ಸುತ್ತಿ, ತುದಿಗಳ ಲೇಪನವನ್ನು ಕೆರೆದು ಸೆಲ್ಲಿಗೆ ತಾಗಿಸಿದರೆ ಮೊಳೆಯು ಗುಂಡುಸೂಜಿಗಳನ್ನು ಸೆಳೆಯುತ್ತದೆ. ತಂತಿ ಬಿಸಿಯಾಗುವುದರಿಂದ ಕೆಲವೇ ಕ್ಷಣ ತಾಗಿಸಬೇಕು.

ಈ ಮೊಳೆಯ ದೊಡ್ಡಣ್ಣ ತಮ್ಮ ಪಂಪ್‌ಹೌಸಿನಲ್ಲಿಯೇ ಇದ್ದಾನೆ. ನೀರುಗಂಟಿಯು ಸ್ಟಾರ್ಟರಿನ ಹಸಿರು ಗುಂಡಿಯನ್ನು ಒತ್ತಿದಾಗ ಒಳಗಿನ ಸುರುಳಿಯು ಕಾಂತವಾಗಿ ಸಂಪರ್ಕವನ್ನು ಎಳೆದು ಹಿಡಿಯುತ್ತದೆ. ಕರೆಂಟು ಹೋದೊಡನೆ ಕಾಂತಶಕ್ತಿ ಅಳಿದು ಸಂಪರ್ಕ ಬಿಡುತ್ತದೆ. ಕೊಳವೆಬಾವಿಯೊಳಗಿನ ಮೋಟಾರು ತಿರುಗುವುದೂ ಕಾಂತಶಕ್ತಿಯಿಂದಲೇ.

ಇದರ ಮರುಮುಖವನ್ನು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದರು. ಸುರುಳಿಯ ಬಳಿ ಕಾಂತವನ್ನು ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಈ ತತ್ತ್ವದ ಮೇಲೆಯೇ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿತು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಟಾರ್ಚ್ ಸೆಲ್ಲಿನ ಒತ್ತಡ 1.5 ವೋಲ್ಟ್; ಗೋಡೆಯ ಸಾಕೆಟ್ಟಿನದು 230 ವೋಲ್ಟ್, ಅಂದರೆ ಸುಮಾರು 150 ಪಟ್ಟು ಹೆಚ್ಚು. ಸೆಲ್ಲಿನಲ್ಲಿ ಗೆದ್ದ ಮಗು ಅದೇ ತಂತಿಯನ್ನು ಸಾಕೆಟ್ಟಿಗೆ ಹಾಕಲು ಹೊರಟರೆ ಅದು ಮಗುವಿನ ತಪ್ಪಲ್ಲ. ಎಚ್ಚರಿಕೆಯಿಲ್ಲದೆ ಪಾಠ ಹೇಳಿದವರ ತಪ್ಪು. ವಿದ್ಯುತ್ತಿಗೆ ಮರಳುವ ದಾರಿ ಬೇಕೆಂದು ಮಗು ಕಲಿತಿದೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಸೋರಿಕೆಯಿರುವ ಉಪಕರಣವನ್ನು ಮುಟ್ಟಿದರೆ ತನ್ನ ಮೈಯೇ ಆ ದಾರಿಯಾಗುತ್ತದೆ ಎಂಬುದನ್ನೂ ಅದು ಅದೇ ದಿನ ಕಲಿಯಬೇಕು. ತುಂಡಾಗಿ ಬಿದ್ದ ತಂತಿಯ ಸಮೀಪ ಹೋಗಬಾರದು, ದೊಡ್ಡವರಿಗೆ ತಿಳಿಸಬೇಕು ಎಂಬ ಮಾತೂ ಪಾಠದ ಭಾಗವೇ.

ಆದರೆ ಮಗುವಿಗೆ ಎಚ್ಚರ ಹೇಳಿ ಶಾಲೆಯ ಗೋಡೆಯಲ್ಲಿ ಒಡೆದ ಸ್ವಿಚ್ಚನ್ನು ಉಳಿಸಿದರೆ ನಮ್ಮ ಮಾತಿಗೆ ಬೆಲೆಯಿಲ್ಲ. ಆದಕಾರಣ ತಮ್ಮಲ್ಲಿ ಈ ಕೆಳಗಿನ ಕೋರಿಕೆಗಳನ್ನು ಇಡುತ್ತೇನೆ.

1. ತಮ್ಮ ವ್ಯಾಪ್ತಿಯ ಪ್ರತಿ ಶಾಲೆ ಹಾಗೂ ಅಂಗನವಾಡಿಯ ವೈರಿಂಗನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಮಳೆಗಾಲಕ್ಕೆ ಮುಂಚೆ ಪರೀಕ್ಷಿಸಿರಿ. ಕುಡಿಯುವ ನೀರಿನ ಮೋಟಾರು ಹಾಗೂ ಬಿಸಿಯೂಟದ ಕೋಣೆಗಳನ್ನು ಮರೆಯಬಾರದು.

2. ಅರ್ಥಿಂಗ್ ಸರಿಯಾಗಿದೆಯೇ ನೋಡಿರಿ. ಅರ್ಥಿಂಗ್ ಗುಂಡಿ ಒಣಗಿದರೆ ಅದರ ಪ್ರಯೋಜನ ಕುಗ್ಗುತ್ತದೆ, ಬೇಸಿಗೆಯಲ್ಲಿ ನೀರುಣಿಸಬೇಕು. ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಅಳವಡಿಸಿರಿ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ವ್ಯತ್ಯಾಸ ಕಂಡೊಡನೆ ಅದು ಸಂಪರ್ಕ ಕಡಿಯುತ್ತದೆ. ಒಂದು ಇದ್ದರೆ ಇನ್ನೊಂದು ಬೇಡವೆಂದು ತಿಳಿಯಬಾರದು.

3. ಆಟದ ಮೈದಾನದ ಮೇಲೆ ಜೋತುಬಿದ್ದ ತಂತಿಗಳಿದ್ದರೆ ವಿದ್ಯುತ್ ಸರಬರಾಜು ಕಂಪನಿಗೆ ಲಿಖಿತವಾಗಿ ತಿಳಿಸಿ, ಕ್ರಮವಾಗುವವರೆಗೆ ಬೆನ್ನುಹತ್ತಿರಿ. ತುರ್ತು ಸಂದರ್ಭದಲ್ಲಿ 1912 ಸಹಾಯವಾಣಿಗೆ ಕರೆ ಮಾಡಿರಿ.

4. ಸೆಲ್ಲು, ಬಲ್ಬು, ತಾಮ್ರದ ತಂತಿ, ಕಾಂತ, ದಿಕ್ಸೂಚಿಗಳು ಶಾಲೆಯಲ್ಲಿವೆಯೇ, ಬೀರುವಿನಲ್ಲಿ ಬೀಗ ಬಿದ್ದಿವೆಯೇ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿರಿ. ಇವು ಹೆಚ್ಚಿನ ವೆಚ್ಚದ ವಸ್ತುಗಳಲ್ಲ.

ಮಕ್ಕಳ ಗ್ರಾಮಸಭೆಯಲ್ಲಿ ಯಾವುದಾದರೂ ಮಗು ಎದ್ದುನಿಂತು "ನಮ್ಮ ಶಾಲೆಗೆ ಅರ್ಥಿಂಗ್ ಇದೆಯೇ?" ಎಂದು ಕೇಳಿದರೆ, ಪಾಠ ಸಾರ್ಥಕವಾಯಿತೆಂದು ತಿಳಿಯಿರಿ. ಆ ಪ್ರಶ್ನೆಗೆ ಹೌದೆಂಬ ಉತ್ತರವನ್ನು ಸಿದ್ಧವಾಗಿರಿಸುವ ಹೊಣೆ ತಮ್ಮದು ಎಂದು ವಿನಂತಿಸಿ, ನನ್ನ ಮಾತನ್ನು ಮುಗಿಸುತ್ತೇನೆ.