ಅಣ್ಣತಮ್ಮಂದಿರ ಶಾಮಿಸೆನ್: ಕೇಳುಗರು ಏನೆಂದರು?

(ಸೆಂಡಾಯ್‌ನಲ್ಲಿ ಸಂಘದ ಸ್ಥಾಪನಾ ದಿನಾಚರಣೆಯಂದು ಮಾಡಿದ ಭಾಷಣ)



ಈ ಶುಭದಿನದಂದು ಜಾನಪದದ ಬಗ್ಗೆ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾವು ಅನ್ನ ಉಣ್ಣುತ್ತಿರುವ ಈ ನೆಲದ ಜಾನಪದದಿಂದಲೇ ಆರಂಭಿಸುತ್ತೇನೆ.

ನಮ್ಮ ತೊಹೊಕು ಸೀಮೆಯ ಉತ್ತರದ ತುದಿಯಲ್ಲಿ ಅವೊಮೊರಿ ಪ್ರಾಂತ್ಯವಿದೆ. ಅದರ ಪಶ್ಚಿಮ ಭಾಗವೇ ತ್ಸುಗರು. ತ್ಸುಗರು ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯದ ತವರು ಅದು. ವಾದಕರು ತಂತಿಯನ್ನು ಮೀಟುವುದರ ಜೊತೆಗೆ, ಕೈಯಲ್ಲಿರುವ ಅಗಲವಾದ ಅಲಗಿನಿಂದ ಚರ್ಮವನ್ನೂ ಬಡಿಯುತ್ತಾರೆ. ಎಲ್ಲಮ್ಮನ ಭಕ್ತರ ಚೌಡಿಕೆ ಕೇಳಿದವರಿಗೆ ಇದು ಹೊಸದೆನಿಸದು. ಕೆಳಸ್ಥಾಯಿಯ ತಂತಿ ಮರಕ್ಕೆ ತಾಗಿ ಝೇಂಕರಿಸುವಂತೆಯೂ ಮಾಡಿರುತ್ತಾರೆ. ತಂಬೂರಿಯ ತಂತಿಯಡಿ ನಾವು ಜೀವಾಳದ ದಾರ ಇಡುವುದಿಲ್ಲವೇ, ಹಾಗೆ.

ಯೊಶಿದಾ ಸಹೋದರರು ಈ ವಾದ್ಯವನ್ನು ನುಡಿಸುವ ಅಣ್ಣತಮ್ಮಂದಿರು. ಹೊಕ್ಕೈದೊ ದ್ವೀಪದ ನೊಬೊರಿಬೆತ್ಸುವಿನವರು. ಅಣ್ಣ ರಿಯೊಯಿಚಿರೊ, ತಮ್ಮ ಕೆನಿಚಿ. ಇಬ್ಬರೂ ಐದನೆಯ ವಯಸ್ಸಿಗೇ ಶಾಮಿಸೆನ್ ಹಿಡಿದವರು. 1999ರಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆ 'ಇಬುಕಿ', ಅಂದರೆ ಉಸಿರು, ಒಂದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮೈಮೇಲೆ ಸಾಂಪ್ರದಾಯಿಕ ಉಡುಪು, ತಲೆಗೆ ಬಣ್ಣ ಹಾಕಿದ ಕೂದಲು! ಮುಂದೆ ಡ್ರಮ್ಸ್, ಕೀಬೋರ್ಡುಗಳೂ ಜೊತೆಗೂಡಿದವು.

ನಮ್ಮ ಕೆಲವು ಮನೆಗಳಲ್ಲಿ ಈ ಸಹೋದರರ ವಾದನವನ್ನು ಕೇಳಿಸಿ ಅಭಿಪ್ರಾಯ ಕೇಳಿದೆ. ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು, "ಕೈ ಚೆನ್ನಾಗಿದೆ ಕಣಪ್ಪ, ಆದರೆ ಇಷ್ಟು ಅವಸರ ಯಾಕೆ?" ಎಂದರು. ಹೈಸ್ಕೂಲು ಹುಡುಗನೊಬ್ಬ ಮೂರು ಸಲ ಹಾಕಿಸಿಕೊಂಡು ಕೇಳಿದ. ಹಳೆಯ ಧಾಟಿ ಬಲ್ಲ ಜಪಾನೀ ನೆರೆಯವರೊಬ್ಬರು, "ಇದರಲ್ಲಿ ತ್ಸುಗರುವಿನ ಹಿಮ ಕಡಿಮೆ, ವೇದಿಕೆಯ ದೀಪ ಹೆಚ್ಚು" ಎಂದರು.

ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಒಂದು ಸಂಗತಿ ನೆನಪಿರಲಿ. ಈ ಕಲೆಯನ್ನು ಬೆಳೆಸಿದವರು ಮನೆಮನೆ ತಿರುಗಿ ನುಡಿಸಿ ಕಾಳುಕಡಿ ಬೇಡುತ್ತಿದ್ದ ಕುರುಡು ಕಲಾವಿದರು, ನಮ್ಮ ಕಿನ್ನರಿ ಜೋಗಿಗಳ ಹಾಗೆ. ಬಾಗಿಲ ಹೊರಗೆ ನಿಂತವನ ವಾದ್ಯ ಒಳಗಿನವರಿಗೆ ಕೇಳಬೇಕಲ್ಲವೇ? ಗಟ್ಟಿ ಬಡಿತ ಹೊಟ್ಟೆಪಾಡಿನಿಂದ ಬಂದದ್ದು. ಹಾಗೆ ಅಲೆದವರಲ್ಲಿ ಒಬ್ಬರಾದ ತಕಾಹಾಶಿ ಚಿಕುಜಾನ್ (1910-1998) ಮುಂದೆ ಇದೇ ವಾದ್ಯವನ್ನು ಟೋಕಿಯೊದ ವೇದಿಕೆಗೆ ತಂದರು. ಅವರು ತೀರಿಕೊಂಡ ಮರುವರ್ಷವೇ 'ಇಬುಕಿ' ಹೊರಬಂತು.

ನಮ್ಮಲ್ಲಿಯೂ ಇಂಥದೇ ಒಂದು ಉದಾಹರಣೆಯುಂಟು. ಶಿಶುನಾಳ ಶರೀಫರ (1819-1889) ತತ್ವಪದಗಳನ್ನು ಸಿ. ಅಶ್ವತ್ಥ್ ಅವರು ಹಲವು ವಾದ್ಯಗಳೊಂದಿಗೆ ಹಾಡಿದರು. ಭಜನೆಯ ಏಕತಾರಿಗೆ ಒಗ್ಗಿದ ಕಿವಿಗೆ ಅದು ಅಬ್ಬರವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಕುಳಿತಿರುವವರಲ್ಲಿ ಎಷ್ಟು ಮಂದಿಗೆ ಶರೀಫಜ್ಜನ ಪರಿಚಯವಾದದ್ದು ಆ ಕ್ಯಾಸೆಟ್ಟುಗಳಿಂದಲ್ಲ, ಹೇಳಿ!

ಹಾಗಾದರೆ ಏನು ಮಾಡಿದರೂ ನಡೆಯುತ್ತದೆಯೇ? ಅದನ್ನು ನಾನು ಒಪ್ಪುವುದಿಲ್ಲ. ಆ ಅಣ್ಣತಮ್ಮಂದಿರು ಮೊದಲು ವರ್ಷಗಟ್ಟಲೆ ಹಳೆಯ ಧಾಟಿಯನ್ನು ಕಲಿತರು, ಆಮೇಲೆ ಬದಲಿಸಿದರು. ನಮ್ಮ ಮಕ್ಕಳಿಗೆ ಬದಲಿಸುವ ಉತ್ಸಾಹ ಬೇಕಾದಷ್ಟಿದೆ. ಬದಲಿಸಲು ಬೇಕಾದ ಮೂಲವನ್ನು ನಾವು ಕೊಟ್ಟಿದ್ದೇವೆಯೇ? ರಾಗಿ ಬೀಸುವ ಪದ, ಸೋಬಾನೆ ಪದಗಳನ್ನು ಬಾಯಲ್ಲಿ ಇಟ್ಟುಕೊಂಡ ಅಜ್ಜಿಯರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಎಚ್.ಎಲ್. ನಾಗೇಗೌಡರು ರಾಮನಗರದಲ್ಲಿ ಜಾನಪದ ಲೋಕವನ್ನು ಕಟ್ಟಿದರು, ನಿಜ. ಆದರೆ ನಮ್ಮ ನಮ್ಮ ಅಜ್ಜಿಯ ಹಾಡನ್ನು ಉಳಿಸುವ ಹೊಣೆ ನಮ್ಮದೇ.

ಆದ್ದರಿಂದ ನನ್ನದೊಂದು ವಿನಂತಿ. ಈ ಬಾರಿ ಊರಿಗೆ ಹೋದಾಗ ಪ್ರತಿ ಸಂಸಾರವೂ ಮನೆಯ ಹಿರಿಯರಿಂದ ಒಂದೇ ಒಂದು ಹಾಡನ್ನು ಧ್ವನಿಮುದ್ರಿಸಿಕೊಂಡು ಬರಲಿ. ಹಾಡಿದವರ ಹೆಸರು, ಊರು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು ಎಂಬುದನ್ನೂ ಬರೆದಿಡಲಿ. ಮಕ್ಕಳು ಅದನ್ನು ಹಾಗೆಯೇ ಕಲಿಯಲಿ. ಆಮೇಲೆ ಗಿಟಾರಿಗೆ ಹೊಂದಿಸಲಿ, ಬೇಕಿದ್ದರೆ ಶಾಮಿಸೆನ್ನಿಗೂ ಹೊಂದಿಸಲಿ! ಮುಂದಿನ ವಾರ್ಷಿಕೋತ್ಸವದಲ್ಲಿ ಎರಡನ್ನೂ ಕೇಳೋಣ. ಹಿರಿಯರು "ಅವಸರವಾಯಿತು" ಎಂದು ಗೊಣಗಲಿ, ಮಕ್ಕಳು ಮತ್ತೊಮ್ಮೆ ಹಾಡಲಿ.

ಸಿರಿಗನ್ನಡಂ ಗೆಲ್ಗೆ!